ಮಂಜಿನ ಮೇಲೆ ಹೊರಿಸಿದ್ದು

ನವೆಂಬರ್ 9, ಭಾನುವಾರ

ಕಳೆದ ವರ್ಷ ಡಿಸೆಂಬರ್ ಹದಿನೇಳರ ಬೆಳಿಗ್ಗೆ ನಮ್ಮೂರ ರಸ್ತೆಯ ತಿರುವಿನಲ್ಲಿ ಯಾರೋ ಕಲ್ಲು ಬಿಟ್ಟು ಹೋಗಿದ್ದರು. ಆ ಕಲ್ಲಿಗೆ ಸ್ಕೂಟರಿನ ಚಕ್ರ ಬಡಿದು, ಹಿಂದೆ ಕೂತಿದ್ದ ನನ್ನ ಮಗಳು ಅನು ರಸ್ತೆಗೆ ಬಿದ್ದು ಸತ್ತಳು. ಕಾಗದಪತ್ರಗಳಲ್ಲಿ ಕಾರಣ ಎಂದು ಬರೆದಿರುವುದು ಒಂದೇ: ದಟ್ಟ ಮಂಜು. ಕಲ್ಲಿನ ಮಾತೇ ಇಲ್ಲ. ಮಂಜಿಗೆ ನೋಟಿಸು ಕೊಡಲಾಗುವುದಿಲ್ಲ, ಅದನ್ನು ಕಟಕಟೆಗೆ ಕರೆಯಲಾಗುವುದಿಲ್ಲ. ಅದಕ್ಕೇ ಅದು ಎಲ್ಲರಿಗೂ ಅಷ್ಟು ಅನುಕೂಲ.

ಇದನ್ನು ಮೊದಲು ಬರೆದಿಡುತ್ತಿದ್ದೇನೆ, ಏಕೆಂದರೆ ಈ ಊರಿಗೆ ನೆನಪು ಕಡಿಮೆ. ಪಂಚಾಯಿತಿ ಲೈಬ್ರರಿಯಲ್ಲಿ ಜೀವಮಾನ ಕಳೆದವನು ನಾನು. ಊರಿನವರು ಓದದೆ ಬಿಟ್ಟ ಪುಸ್ತಕಗಳನ್ನೆಲ್ಲ ಅವರ ಪರವಾಗಿ ನಾನೇ ಓದಿದೆ. ಅವರು ಮರೆತದ್ದನ್ನೆಲ್ಲ ಅವರ ಪರವಾಗಿ ನಾನೇ ನೆನಪಿಟ್ಟೆ. ಈ ರಸ್ತೆಗೆ ಮೊದಲ ಸಲ ಜಲ್ಲಿ ಬಿದ್ದದ್ದು, ಆಮೇಲೆ ಟಾರು ಬಂದದ್ದು, ಹೋದ ವರ್ಷ ಮಳೆಗಾಲ ಮುಗಿದ ಮೇಲೆ ತಿರುವನ್ನು ಅಗಲ ಮಾಡಿದ್ದು, ಎಲ್ಲ ಕಣ್ಣೆದುರಿಗಿದೆ. ಅಗಲ ಮಾಡಿದ ಗುತ್ತಿಗೆದಾರ ಸುಣ್ಣ ಬಳಿದ ಕಲ್ಲುಗಳನ್ನು ಅಂಚಿಗೆ ಜೋಡಿಸಿದ್ದ. ಕೆಲಸ ಮುಗಿಸಿ ಕಲ್ಲು ಅಲ್ಲೇ ಬಿಟ್ಟು ಹೊರಟುಹೋದ. ಆ ದಿನ ಚರಂಡಿಗೆ ತಳ್ಳಿದ್ದ ಕಲ್ಲಿನ ಮೇಲೆ ಸುಣ್ಣವಿತ್ತು. ನಾನೇ ನೋಡಿದ್ದೇನೆ. ವರ್ಷದಿಂದ ಎಲ್ಲ ಕಚೇರಿಗಳಿಗೂ ಅದನ್ನೇ ಬರೆಯುತ್ತಿದ್ದೇನೆ. 'ಪರಿಶೀಲಿಸಲಾಗುವುದು' ಎನ್ನುತ್ತಾರೆ.

ಈಗ ಮತ್ತೆ ಚಳಿ ಶುರುವಾಗುತ್ತಿದೆ. ಸಂಜೆ ರೇಡಿಯೊದಲ್ಲಿ ವಾರ್ತೆ ಮುಗಿದು ಹವಾಮಾನದ ಮಾತು ಬರುವಾಗ ಕೈ ಅದರ ಗುಂಡಿಯ ಮೇಲೆಯೇ ಇರುತ್ತದೆ. ಇವತ್ತು ಒಣಹವೆ ಎಂದರು. ತಕ್ಷಣ ಆರಿಸಿದೆ, ಮಾತು ಬದಲಿಸಿಬಿಟ್ಟಾರು ಎಂಬಂತೆ.

ಸೊಸೆ ಇನ್ನೂ ಬದನಗುಪ್ಪೆಯ ಫ್ಯಾಕ್ಟರಿಗೆ ಹೋಗುತ್ತಾಳೆ. ಕತ್ತಲು ಹರಿಯುವ ಮುಂಚೆ ಮನೆ ಬಿಟ್ಟು, ದೊಡ್ಡ ರಸ್ತೆಯ ತನಕ ಸ್ಕೂಟರು, ಅಲ್ಲಿಂದ ಕಂಪನಿಯ ಬಸ್ಸು. ಅದೇ ಸ್ಕೂಟರು, ಅದೇ ತಿರುವು. ಹೋದ ವರ್ಷ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದರು, ಒಂದು ದಿನ ಅನು ಓಡಿಸಿದರೆ ಮಾರನೆಯ ದಿನ ಇವಳು. ಆ ದಿನ ಇವಳ ಸರದಿಯಾಗಿತ್ತು.

ನವೆಂಬರ್ 15, ಶನಿವಾರ

ಜಗಲಿಯಲ್ಲಿ ಪೇಪರು ಓದುತ್ತಿದ್ದೆ. ಪಕ್ಕದ ಹೊಲದ ಶಿವಮಲ್ಲು ಬಂದು ಕೂತ. ಊರಿಗೆ ಊರೇ ಮಂಜಿಗೆ ಕಾಯುತ್ತಿದೆ. ಮಂಜು ಬಿದ್ದರೆ ತಾನೇ ಅವರೆಗೆ ಸೊಗಡು.

"ಈ ವರ್ಸ ಮಂಜೇ ಇಲ್ವಲ್ಲ ಗುರುಮಲ್ಲಣ್ಣ. ಅವರೇಕಾಯಿ ಮೂಸುದ್ರೆ ಬರೀ ಸೊಪ್ಪಿನ ವಾಸ್ನೆ. ರೇಡಿಯೋದೋರು ಯಾನ ಅಂದ್ರು?"

"ಒಣಹವೆ ಅಂದರು."

"ಅವ್ರ ಬಾಯಿ ಒಣ್ಗೋಗ. ನೀವಾರಾ ಒಂದು ಅರ್ಜಿ ಗೀಚಿ ಆಕಿ ಅತ್ಲಾಗಿ. ನಿಮ್ಮ ಅರ್ಜಿ ಕಂಡ್ರೆ ಮಂಜೂ ಎದ್ರುಕಂಡು ಬತ್ತದೆ."

ಆಮೇಲೆ ನನ್ನ ಮುಖ ನೋಡಿದ. ಏನಂದೆ ಎಂಬುದು ಅವನಿಗೆ ಆಗ ಹೊಳೆಯಿತು. ಎಲೆಅಡಿಕೆ ಚೀಲ ಬಿಚ್ಚಿದ, ಏನೂ ತೆಗೆಯದೆ ಕಟ್ಟಿದ, ಎದ್ದು ಹೋದ. ಕೆಟ್ಟವನಲ್ಲ. ಮರೆತಿದ್ದಾನೆ, ಅಷ್ಟೇ. ವರ್ಷ ತುಂಬುವ ಮೊದಲೇ ಮರೆಯುವುದು ಈ ಊರಿಗೆ ಒಂದು ಕಸುಬು.

ನವೆಂಬರ್ 23, ಭಾನುವಾರ

ಬಂತು.

'ದಕ್ಷಿಣ ಒಳನಾಡಿನ ಕೆಲವು ಕಡೆ ನಾಳೆ ಮುಂಜಾನೆ ದಟ್ಟ ಮಂಜು ಕವಿಯುವ ಸಾಧ್ಯತೆ ಇದೆ.' ಓದಿದ ಹೆಣ್ಣುಮಗಳ ಧ್ವನಿ ಎಷ್ಟು ಹಿತವಾಗಿತ್ತೆಂದರೆ, ಮದುವೆಯ ಕರೆಯೋಲೆ ಓದುತ್ತಿದ್ದಾಳೇನೋ ಅನ್ನಿಸಬೇಕು. ಆರಿಸಿದೆ.

ಮಗ ಶರತ್ ತರಕಾರಿ ಲಾರಿಯಲ್ಲಿ ಕೇರಳದ ಕಡೆ ಹೋಗಿದ್ದಾನೆ. ಕಾಡಿನ ಗೇಟು ರಾತ್ರಿ ಮುಚ್ಚಿರುವುದರಿಂದ ಬೆಳಗಾದ ಮೇಲೆಯೇ ಈ ಕಡೆಗೆ ದಾಟುವುದು. ಹೇಳಬೇಕಾದವನು ನಾನೇ. ಆದರೆ ಸೊಸೆಯೊಂದಿಗೆ ನಾನು ನೇರವಾಗಿ ಮಾತಾಡುವುದಿಲ್ಲ. ಮೂವರೂ ಒಂದೇ ಕೋಣೆಯಲ್ಲಿದ್ದರೂ ಮಾತು ನನ್ನ ಹೆಂಡತಿ ಸೋಮಮ್ಮನ ಮೂಲಕ ಹೋಗಿ ಬರುತ್ತದೆ.

"ನಾಳೆ ಹೋಗೋದು ಬೇಡ ಅಂತ ಹೇಳು ಅವಳಿಗೆ" ಎಂದೆ.

ಸೋಮಮ್ಮ ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ಇಲ್ಲೇ ಕೂತವ್ಳಲ್ಲ. ನೀವೇ ಏಳಿ. ನಾನೇನು ಪೋಸ್ಟ್ ಡಬ್ಬವಾ?"

ಸೊಸೆಯೂ ನನ್ನ ಕಡೆ ನೋಡಲಿಲ್ಲ. "ಮೊಬೈಲಲ್ಲಿ ಮಧ್ಯಾಹ್ನವೇ ಬಂದಿತ್ತು ಅತ್ತೆ. ಓಗ್ದೆ ಇದ್ರೆ ನನ್ನ ಮಿಷಿನ್ ಮುಂದೆ ಬೇರೆ ಉಡುಗೀನ ಕೂರುಸ್ತಾರೆ. ಮೆಲ್ಲುಗೆ ಓಯ್ತೀನಿ."

"ಹೋದ ವರ್ಷವೂ ಮೆಲ್ಲಗೇ ಹೋಗಿದ್ದಳಾ ಕೇಳು."

ಹೆಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು.

ನವೆಂಬರ್ 24, ಸೋಮವಾರ

ಬಾಗಿಲು ತೆಗೆದರೆ ಅಂಗಳವೇ ಇರಲಿಲ್ಲ. ಬೀದಿದೀಪವಿದ್ದ ಜಾಗದಲ್ಲಿ ಕೆನೆ ಕಟ್ಟಿದ ಹಾಲಿನ ಹಾಗೆ ಒಂದು ಬಿಳುಪು.

ಅವಳು ಹೋದಳು. ಸ್ಕೂಟರಿನ ಸದ್ದು ಬೀದಿ ದಾಟುವ ತನಕ ಕೇಳಿತು, ಆಮೇಲೆ ಮಂಜು ನುಂಗಿತು. ಕಂಬ ಹಿಡಿದು ನಿಂತೆ. ತಿರುವು ಸೇರಿರಬೇಕು ಎನ್ನುವ ಹೊತ್ತಿಗೆ ಹಾರನ್ ಕೇಳಿತು. ಎರಡು ಸಲ ಚಿಕ್ಕದು, ಒಮ್ಮೆ ಉದ್ದ. ಅನು ಓಡಿಸುವ ದಿನ ತಿರುವಿನಲ್ಲಿ ಹಾಗೇ ಒತ್ತುತ್ತಿದ್ದಳು, 'ಅಪ್ಪಾಜಿಗೆ ಟಾಟಾ' ಎಂದು.

ಇವಳು ಯಾಕೆ ಹಾಗೆ ಒತ್ತಬೇಕು? ಸತ್ತವಳ ಆಟವನ್ನು ಬದುಕಿದವಳು ಆಡಬಾರದು. ಅದೊಂದು ಮರ್ಯಾದೆ.

ನವೆಂಬರ್ 29, ಶನಿವಾರ

ಬರೆಯಬೇಕೋ ಬೇಡವೋ ಎಂದು ಇಡೀ ದಿನ ಯೋಚಿಸಿದೆ.

ವರ್ಷದಿಂದ ಆ ತಿರುವಿನ ಕಡೆ ನಾನು ಹೋಗಿಲ್ಲ. ಗುಂಡ್ಲುಪೇಟೆಗೆ ಹೋಗಬೇಕಾದರೂ ಹೊಲದ ಬದುಗಳ ಮೇಲೆ ಸುತ್ತಿ ಭೀಮನಬೀಡಿನ ದಾರಿ ಸೇರುತ್ತೇನೆ. ಇವತ್ತು ಮತ್ತೆ ಮಂಜು. ಮನೆಯಲ್ಲಿ ನಿಲ್ಲಲಾಗಲಿಲ್ಲ. ಸೊಸೆ ಗಾಡಿ ತೆಗೆಯುವ ಮೊದಲೇ ಟಾರ್ಚು ಹಿಡಿದು ಹೊರಟೆ. ಮಂಜಿನಲ್ಲಿ ಟಾರ್ಚು ಹಾಕಿದರೆ ಎದುರಿಗೆ ಗೋಡೆ ಎದ್ದು ನಿಲ್ಲುತ್ತದೆ. ಆರಿಸಿದರೇ ವಾಸಿ. ಆರಿಸಿ ನಡೆದೆ.

ತಿರುವಿನಲ್ಲಿ ರಸ್ತೆಯ ಮೇಲೆ ಯಾರೋ ಇದ್ದರು. ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ನೆಲ ತಡವುತ್ತಿದ್ದರು. ಏನನ್ನೋ ಕಳೆದುಕೊಂಡು ಹುಡುಕುವವರ ಹಾಗೆ. ತಲೆಯ ಮೇಲಿಂದ ಬೆಳ್ಳಗೆ ಏನೋ ಇಳಿಬಿದ್ದಿತ್ತು. ಕೂತಲ್ಲಿಂದ ಎದ್ದು ನಾಲ್ಕು ಹೆಜ್ಜೆ ಹೋದರು, ಮತ್ತೆ ಕೂತರು. ಕಾಲಿನ ಸದ್ದಿಲ್ಲ.

'ಅನೂ' ಎಂದು ನನ್ನ ಬಾಯಿಂದ ಬಂತೋ ಇಲ್ಲವೋ ತಿಳಿಯದು. ಆ ಆಕಾರ ಅಲ್ಲಾಡದೆ ನಿಂತಿತು. ನಾನು ತಿರುಗಿ ಓಡಿದೆ. ಈ ವಯಸ್ಸಿನಲ್ಲಿ ಓಡಿದೆ.

ದೆವ್ವ ಭೂತಗಳ ಮೇಲೆ ಊರಿನವರಿಗೆ ಭಾಷಣ ಮಾಡಿದವನು ನಾನು. ಲೈಬ್ರರಿಯಲ್ಲಿ ಅದಕ್ಕಾಗಿಯೇ ಪುಸ್ತಕ ತರಿಸಿಟ್ಟಿದ್ದೆ. ಕಣ್ಣಿನ ಭ್ರಮೆ, ಒದ್ದೆ ಗಾಳಿ, ಮನಸ್ಸಿನ ಆಯಾಸ ಎಂದು ಇಲ್ಲಿ ಬರೆಯುತ್ತಿದ್ದೇನೆ. ಬರೆದರೂ ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಮನೆಗೆ ಬಂದಾಗ ಸೋಮಮ್ಮ ಒಳಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯ ಕಡೆಯಿಂದ ಬಂದಳು. ಪಾದಗಳೆಲ್ಲ ಒದ್ದೆ, ರಾಗಿ ಹುಲ್ಲಿನ ಎಳೆ ಅಂಟಿದ್ದವು. "ಚಳೀಲಿ ಎಲ್ಲಿ ಓಗಿದ್ರಿ?" ಎಂದಳು. ಎಲ್ಲಿಗೂ ಇಲ್ಲ ಎಂದೆ.

ಡಿಸೆಂಬರ್ 1, ಸೋಮವಾರ

ಸೋಮಮ್ಮ ನೀರಿಗೆ ಹೋಗಿದ್ದಳು. ಬೇರೆ ದಾರಿಯಿರಲಿಲ್ಲ, ನಾನೇ ಕೇಳಿದೆ.

"ಬೆಳಿಗ್ಗೆ ತಿರುವಿನಲ್ಲಿ ಯಾರನ್ನಾದರೂ ನೋಡಿದ್ದೀಯಾ?"

ಸೊಸೆ ಟಿಫನ್ ಡಬ್ಬಿ ತೊಳೆಯುತ್ತಿದ್ದಳು. ಕೈ ನಿಂತಿತು. ಮೊಣಕೈಯ ಮೇಲಿನ ಆ ದಿನದ ಗಾಯದ ಗೆರೆ ಇನ್ನೂ ಕೆಂಪಾಗಿಯೇ ಇದೆ. ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ.

"ನೀವೂ ನೋಡುದ್ರಾ ಮಾವ?"

ನಾನು ಬಾಗಿಲ ಕಡೆ ನೋಡಿದೆ.

"ಯಾರೂ ಅಲ್ಲ ಬುಡಿ ಮಾವ. ಯಾರೇ ಆದ್ರೂ ನಮ್ಗೆ ಕೇಡು ಮಾಡೋರಲ್ಲ."

"ಹಾರನ್ ಯಾಕೆ ಹಾಗೆ ಒತ್ತುತ್ತೀಯ? ಅನು ಒತ್ತುತ್ತಿದ್ದ ಹಾಗೆ?"

ಅವಳು ತಿರುಗಿ ನನ್ನನ್ನೇ ನೋಡಿದಳು.

"ಆ ಗಾಡಿಗೆ ಆರ್ನೇ ಇಲ್ವಲ್ಲ ಮಾವ. ಅವತ್ತು ಒಡೆದೋದದ್ದು ಆಕ್ಸೇ ಇಲ್ಲ."

ಹೊರಗೆ ಹೋಗಿ ಸ್ಕೂಟರನ್ನು ನೋಡಿದೆ. ಹಾರನ್ ಇದ್ದ ಜಾಗದಲ್ಲಿ ಎರಡು ವೈರು ತಿರುಚಿ ಟೇಪು ಸುತ್ತಿದೆ. ಗುಂಡಿ ಒತ್ತಿದೆ. ಸದ್ದಿಲ್ಲ.

ಡಿಸೆಂಬರ್ 4, ಗುರುವಾರ

ಗುಂಡ್ಲುಪೇಟೆಗೆ ಹೋಗಿದ್ದೆ. ಕಚೇರಿಗೆ ಹೋಗಬೇಕೆಂದು ಹೊರಟವನು ಹೋಗಲಿಲ್ಲ. ಸೊಸೆ ಭವ್ಯ ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ ಹೋಗಿದ್ದ ಸ್ಕೂಟರನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟು ಹಾರನ್ ಹಾಕಿಸಿದೆ, ಮುಂದಕ್ಕೆ ಹಳದಿ ಲೈಟು ಹಾಕಿಸಿದೆ. ಹಳದಿ ಬೆಳಕು ಮಂಜನ್ನು ಸ್ವಲ್ಪ ಸೀಳುತ್ತದಂತೆ. ಅದು ಮುಗಿಯುವ ತನಕ ಈರುಳ್ಳಿ ಮಂಡಿಯ ಮುಂದೆ ನಿಂತು ಲಾರಿಗಳನ್ನು ನೋಡುತ್ತಿದ್ದೆ. ಕೇರಳದ ಡ್ರೈವರೊಬ್ಬ ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಯಾರನ್ನೋ ಬೈಯುತ್ತಿದ್ದ. ಬೈಗುಳದಲ್ಲೂ ಕಾಡಿನ ಮಂಜು ಬಂತು.

ಮೆಕ್ಯಾನಿಕ್ ಹಾರನ್ ಒತ್ತಿ ತೋರಿಸಿದಾಗ ಕಿವಿ ಮುಚ್ಚಿಕೊಂಡೆ. "ಜೋರಾಯ್ತಾ ಸಾರ್?" ಎಂದ.

ಡಿಸೆಂಬರ್ 6, ಶನಿವಾರ

ತಿಥಿಯ ಪ್ರಕಾರ ಇವತ್ತಿಗೆ ವರ್ಷ. ಹೊಲದ ಮೂಲೆಯ ಸಮಾಧಿಗೆ ಪೂಜೆಯಾಯಿತು. ಎಡೆಗೆ ಅವರೆಕಾಳಿನ ಉಪ್ಪಿಟ್ಟು ಇಟ್ಟರು, ಅವಳಿಗೆ ಇಷ್ಟವೆಂದು. ಸೊಗಡು ಚೆನ್ನಾಗಿ ಬಂದಿತ್ತು. ನಾನು ಎಲೆ ಮುಟ್ಟದೆ ಎದ್ದೆ.

ಡಿಸೆಂಬರ್ 10, ಬುಧವಾರ

ಇವತ್ತು ಹಗಲಿನಲ್ಲಿ, ಬಿಸಿಲಿನಲ್ಲಿ, ಆ ತಿರುವಿಗೆ ಹೋದೆ. ಶಿವಮಲ್ಲು ಅಲ್ಲಿ ಹುರುಳಿ ಹರಡಿದ್ದ.

ಹುರುಳಿ ಕಿತ್ತು ಟಾರು ರಸ್ತೆಗೆ ಹರಡಿದರೆ ಹೋಗಿಬರುವ ಗಾಡಿಗಳ ಚಕ್ರವೇ ತುಳಿದು ಕಾಳು ಬಿಡಿಸುತ್ತದೆ. ಬಿಡಿಸಿದ ಕಾಳನ್ನು ಅಂಚಿಗೆ ಗುಡ್ಡೆ ಮಾಡಿ, ಅದರ ಮೇಲೆ ಗಾಡಿ ಹತ್ತದ ಹಾಗೆ ಸುತ್ತ ಕಲ್ಲಿಡುತ್ತಾರೆ. ಈ ಕಡೆ ಎಲ್ಲರೂ ಮಾಡುವುದು ಹೀಗೆಯೇ. ಆದರೆ ಆ ತಿರುವಿನಲ್ಲಿ ಕಲ್ಲು ಕಂಡಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ನಿನಗೆ ನಾಚಿಕೆ ಆಗೋದಿಲ್ವಾ ಶಿವಮಲ್ಲು? ಇದೇ ಜಾಗದಲ್ಲಿ?"

"ಮತ್ತೆಲ್ಲಿ ಆಕನ ಅಣ್ಣ? ನಿಮ್ಮ ಲೈಬ್ರರಿ ಒಳ್ಗೆ ಆಕನಾ? ಅಲ್ಲಾದ್ರೆ ಯಾರೂ ತುಳಿಯಾಕಿಲ್ಲ, ಕಾಳು ಅಂಗೇ ಇರ್ತದೆ."

ಹುಲ್ಲು ತಿರುವುತ್ತಿದ್ದ ಹೆಂಗಸರು ನಕ್ಕರು. ನಾನು ಬಗ್ಗಿ ಒಂದು ಕಲ್ಲನ್ನು ಮಗುಚಿದೆ. ಅಡಿಯಲ್ಲಿ ಸುಣ್ಣ.

"ಈ ಕಲ್ಲು ಎಲ್ಲಿಯದು?"

"ಕಂಟ್ರಾಕ್ಟ್ರು ಬುಟ್ಟೋದದ್ದು. ಈಗ ಒಕ್ಕಣೆ ಕಲ್ಲು. ಯಾರದೂ ಅಲ್ಲ, ಎಲ್ಲಾರ್ದೂವೆ. ಒಬ್ರದು ಆದ್ಮೇಲೆ ಅಲ್ಲೇ ಬುಟ್ಟೋದ್ರೆ ನಾಳೆ ಬರೋರಿಗೆ ಆಯ್ತದೆ. ಅವ್ರು ಯಾಕೆ ಇನ್ನೊಂದ್ಸಲ ಕಲ್ಲು ಒರಬೇಕು ಪಾಪ. ಓದ್ವರ್ಸ ನಿಮ್ಮನೇದು ಆದ್ಮೇಲೆ ನಂದೇ ಪಾಳಿ..."

ಅಲ್ಲಿಗೆ ನಿಲ್ಲಿಸಿದ. ಹೆಂಗಸರೂ ಕೈ ನಿಲ್ಲಿಸಿದರು. ಶಿವಮಲ್ಲು ತಲೆಯ ಟವೆಲ್ ತೆಗೆದು ಹಿಂಡಿದ, ಅದು ಒಣಗಿಯೇ ಇತ್ತು.

"ಬುಡಣ್ಣ" ಎಂದ. "ಏನೋ ಮಾತಿಗೆ ಬಂತು. ಬುಟ್ಬುಡು."

ಡಿಸೆಂಬರ್ 12, ಶುಕ್ರವಾರ

ಹೋದ ವರ್ಷ ನಮ್ಮ ಹುರುಳಿ ಆ ದಿನಕ್ಕೆ ಮುಂಚೆಯೇ ಮನೆ ಸೇರಿತ್ತು. ಮೂಟೆ ಕಟ್ಟಿ, ರಸ್ತೆ ಗುಡಿಸಿ ಬಂದಿದ್ದೇವೆ ಎಂದು ಸೋಮಮ್ಮ ಹೇಳಿದ್ದಳು. ಗುಡಿಸಿದ್ದು ನನಗೆ ನೆನಪಿದೆ. ಕಲ್ಲಿನ ಬಗ್ಗೆ ನಾನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಕೇಳುವುದಿಲ್ಲ. ಎದುರಿಗೆ ಕೂತು ಊಟ ಬಡಿಸುತ್ತಾಳೆ. ಕೇಳಲಾಗುವುದಿಲ್ಲ.

ಡಿಸೆಂಬರ್ 17, ಬುಧವಾರ

ಮೊನ್ನೆಯೂ ನಿನ್ನೆಯೂ ಮಂಜಿರಲಿಲ್ಲ. ಇವತ್ತು ಇತ್ತು, ಆ ದಿನದಷ್ಟೇ.

ಮೊದಲೇ ಹೋಗಿ ತಿರುವಿನ ಹೊಂಗೆಮರದ ಕೆಳಗೆ ನಿಂತೆ. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಆಕಾರ ಬಂತು. ರಸ್ತೆಯ ಮೇಲೆ ಬಗ್ಗಿತು, ತಡವಿತು. ಈ ಸಲ ಓಡಲಿಲ್ಲ. ಓಡಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಮಗಳ ದೆವ್ವವೇ ಆಗಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಸೋಮಮ್ಮ ಕಲ್ಲು ಎತ್ತುತ್ತಿದ್ದಳು. ತಲೆಗೆ ನನ್ನ ಹಳೆಯ ಬಿಳಿ ಪಂಚೆ ಹೊದ್ದಿದ್ದಳು. ಚಪ್ಪಲಿ ಹಾಕಿರಲಿಲ್ಲ. ಒಂದೊಂದೇ ಕಲ್ಲನ್ನು ಎದೆಗೆ ಒತ್ತಿ ಹಿಡಿದು ಚರಂಡಿಯಾಚೆಗೆ ಇಡುತ್ತಿದ್ದಳು. ಮಗುವನ್ನು ಮಲಗಿಸುವ ಹಾಗೆ, ಸದ್ದಾಗದಂತೆ.

"ಸೋಮಿ" ಎಂದೆ.

ಅವಳು ಬೆಚ್ಚಲಿಲ್ಲ. "ಬಂದ್ರಾ" ಎಂದಳು. "ಅವತ್ತು ಬಂದಾಗ ಕೂಗುದ್ರಿ. ನಾನು ಮಾತಾಡ್ಲಿಲ್ಲ. ಅವ್ಳು ಅಂತ್ಲೇ ಅಂದ್ಕಳ್ಲಿ ಅಂದ್ಕಂಡೆ."

"ಯಾವಾಗಿನಿಂದ?"

"ಒಕ್ಕಣೆ ಸುರುವಾದಾಗಿಂದ. ದಿನಾ ಎತ್ತಾಕ್ತೀನಿ, ದಿನಾ ತಂದಿಡ್ತಾರೆ. ಅವ್ರ ತಪ್ಪಲ್ಲ. ನಾನೂ ಅಂಗೇ ಇಟ್ಟಿದ್ದು. ಶಿವಮಲ್ಲಿನ ಪಾಳಿ ಇತ್ತಲ್ಲ, ಅವ್ನಿಗೆ ಸೊಂಟ ನೋವು, ಮತ್ತೆ ಒರದು ಬ್ಯಾಡ ಅಂತ ಬುಟ್ಬಂದೆ."

"ನನಗೆ ಯಾಕೆ ಹೇಳಲಿಲ್ಲ?"

"ನೀವು ಕಂಟ್ರಾಕ್ಟ್ರು ಕಂಟ್ರಾಕ್ಟ್ರು ಅಂತ ಬರೀತಿದ್ರಿ. ಬರೀತಾ ಇದ್ರೆ ಉಸುರಾಡ್ತೀರಿ ಅನ್ನಿಸ್ತು. ಬರಿಯದು ನಿಂತ್ರೆ..." ಪಂಚೆಯ ತುದಿಯಿಂದ ಕೈ ಒರೆಸಿಕೊಂಡಳು. "ಅದುಕ್ಕೆ ಏಳ್ಲಿಲ್ಲ."

ಹಳದಿ ಬೆಳಕು ಮೆಲ್ಲಗೆ ಬಂದು ನಿಂತಿತು. ಭವ್ಯ ಗಾಡಿ ಸ್ಟ್ಯಾಂಡ್ ಹಾಕಿ ಇಳಿದಳು. ನಮ್ಮಿಬ್ಬರನ್ನು ನೋಡಿ ಏನೂ ಕೇಳಲಿಲ್ಲ. ಬಗ್ಗಿ ಉಳಿದ ಕಲ್ಲನ್ನು ಎತ್ತಿದಳು.

"ನಿನಗೆ ಗೊತ್ತಿತ್ತಾ?"

"ಅವತ್ತಿಂದ್ಲೂ ಗೊತ್ತು ಮಾವ. ಅತ್ತೆ ಅವತ್ತು ಓಡಿಬಂದೋರು ಮೊದ್ಲು ಕಲ್ಲು ಮುಟ್ಟಿ ನೋಡುದ್ರು. ಆಮೇಲೆ ಅನುನ ಮುಟ್ಟಿದ್ದು."

"ಮತ್ತೆ ನಾನು ವರ್ಷಪೂರ್ತಿ ನಿನ್ನನ್ನು..."

"ನನ್ ಮೇಲೆ ಇರ್ಲಿ ಅಂದ್ಕಂಡೆ ಮಾವ. ಅತ್ತೆ ತಡಿಯಾಕಿಲ್ಲ." ಕಲ್ಲನ್ನು ಚರಂಡಿಯಾಚೆ ಇಟ್ಟು ಕೈ ಕೊಡವಿಕೊಂಡಳು. "ಬಸ್ಸಿಗೆ ಒತ್ತಾಯ್ತು. ಬತ್ತೀನಿ."

ಹೊರಟಳು. ಹಾರನ್ ಒತ್ತಲಿಲ್ಲ. ಆದರೂ ಕೇಳಿಸಿತು. ಸೋಮಮ್ಮನಿಗೂ ಕೇಳಿಸಿತೆಂದು ಅವಳು ತಲೆ ಎತ್ತಿದ ರೀತಿಯಲ್ಲೇ ತಿಳಿಯಿತು.

ಡಿಸೆಂಬರ್ 18, ಗುರುವಾರ

ಮಂಜು. ಮೂವರೂ ಹೋದೆವು. ಕಲ್ಲು ಎತ್ತಿದೆವು.

ಡಿಸೆಂಬರ್ 21, ಭಾನುವಾರ

ಸೋಮಮ್ಮನ ಮಾತು ತಲೆಯಿಂದ ಹೋಗುತ್ತಿಲ್ಲ. 'ಅವನಿಗೆ ಮತ್ತೆ ಹೊರುವುದು ಬೇಡ ಎಂದು ಬಿಟ್ಟು ಬಂದೆ.' ಶಿವಮಲ್ಲು ಹೇಳಿದ್ದೂ ಅದನ್ನೇ. ಇದು ಎಲ್ಲಿಂದ ಬಂದ ರೂಢಿ ಎಂದು ಯೋಚಿಸುತ್ತ ಕೂತಾಗ ನೆನಪಾಯಿತು. ನೆನಪಾಯಿತು ಎನ್ನುವುದು ಸುಳ್ಳು. ಮರೆತಿರಲಿಲ್ಲ, ಇದಕ್ಕೂ ಅದಕ್ಕೂ ಗಂಟು ಹಾಕಿರಲಿಲ್ಲ.

ಮಾದಪ್ಪನ ಗುಡಿಯ ಹಿಂದೆ ಊರ ಕಣವಿತ್ತು. ಸಗಣಿ ಸಾರಿಸಿದರೆ ಹಾಸಿದ ಜಮಖಾನೆಯಂತೆ ಕಾಣುತ್ತಿತ್ತು. ನಡುವೆ ಮೇಟಿ ಕಂಬ, ಸುತ್ತ ಎತ್ತುಗಳು. ಕಣಕ್ಕೆ ಚಪ್ಪಲಿ ಹಾಕಿ ಯಾರೂ ಇಳಿಯುತ್ತಿರಲಿಲ್ಲ. ಒಬ್ಬರ ಒಕ್ಕಣೆ ಮುಗಿದ ಮೇಲೆ ತೆನೆ ಮೇಲೆ ಉರುಳಿಸುವ ರೋಣಗಲ್ಲು, ಅಂಚಿನ ಕಲ್ಲುಗಳು, ಎಲ್ಲವನ್ನೂ ಅಲ್ಲೇ ಬಿಟ್ಟು ಹೋಗಬೇಕು. ಅದು ಮುಂದಿನವರಿಗೆ ಮಾಡುವ ಉಪಕಾರ. ಎತ್ತಿಕೊಂಡು ಹೋದವನನ್ನು ಜಿಪುಣ ಎನ್ನುತ್ತಿದ್ದರು. ನನ್ನ ಅಪ್ಪ ನನಗೆ ಹೇಳಿಕೊಟ್ಟಿದ್ದ, ಸೋಮಮ್ಮನಿಗೆ ಅವಳ ಅವ್ವ ಹೇಳಿಕೊಟ್ಟಿರಬೇಕು.

ಆಮೇಲೆ ಒಂದು ದಿನ ಕಣಕ್ಕೆ ಪಂಚಾಯಿತಿಯ ತಂತಿ ಬೇಲಿ ಬಂತು. ಅಂಗಡಿ ಮಳಿಗೆ ಕಟ್ಟುತ್ತೇವೆ ಎಂದರು. ಕಟ್ಟಿದರು. ಇವತ್ತಿನವರೆಗೂ ಅದರ ಒಂದು ಷಟರೂ ಮೇಲೆದ್ದಿಲ್ಲ. ಮುಂದೆ ಪಾರ್ಥೇನಿಯಂ ಬೆಳೆದಿದೆ. ಊರು ಏನೂ ಕೇಳಲಿಲ್ಲ. ಹುರುಳಿ ಹೊತ್ತುಕೊಂಡು ರಸ್ತೆಗೆ ಹೋಯಿತು. ಕಣದ ಮರ್ಯಾದೆಯನ್ನೂ ಜೊತೆಗೆ ಹೊತ್ತುಕೊಂಡು ಹೋಯಿತು. ಕಣದಲ್ಲಿ ಬಿಟ್ಟ ಕಲ್ಲು ಯಾರನ್ನೂ ಕೊಲ್ಲುತ್ತಿರಲಿಲ್ಲ.

ಸಂಜೆ ರೇಡಿಯೊ ಹಾಕಿರಲಿಲ್ಲ ಎಂಬುದು ಈಗ ಬರೆಯುವಾಗ ತಿಳಿಯಿತು.

ಡಿಸೆಂಬರ್ 24, ಬುಧವಾರ

ಪಂಚಾಯಿತಿ ಸದಸ್ಯ ಶಾಂತರಾಜುವಿನ ಮನೆಗೆ ಹೋಗಿದ್ದೆ. ಬೇಲಿ ಬಂದಾಗಲೂ ಅವನೇ ಸದಸ್ಯ. ಕಾಫಿ ಕೊಟ್ಟ. ಕಣಕ್ಕೆ ಬೇಲಿ ಹಾಕಿದ್ದು ಯಾರ ತೀರ್ಮಾನ ಎಂದು ಕೇಳಿದೆ.

"ಎಲ್ಲಾ ರೂಲ್ಸ್ ಪ್ರಕಾರವೇ ಆಗಿರೋದು ಗುರುಮಲ್ಲಣ್ಣ. ಅಳೇ ವಿಷ್ಯ ಈಗ ಯಾಕೆ?"

"ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇನೆ. ಇಲ್ಲೇ ಹೇಳಿದರೂ ಆಯಿತು."

"ಕೇಳಿ, ಬ್ಯಾಡ ಅಂದೋರ್ಯಾರು." ಲೋಟ ಕೆಳಗಿಟ್ಟ. ಧ್ವನಿ ಇಳಿಸಿದ. "ಆದ್ರೆ ಅಣ್ಣ, ಮಾತು ಎತ್ತುದ್ರೆ ಕಲ್ಲು ಯಾರದು ಅನ್ನೋದೂ ಬತ್ತದೆ. ಊರಿಗೆಲ್ಲ ಗೊತ್ತಿರೋದೇಯ. ಅಕ್ಕನ್ ಮುಖ ನೋಡಿ ಸುಮ್ಗವ್ರೆ. ಮಂಜು ಅಂತ ಬರ್ಸಿದ್ದು ಯಾಕೆ ಅಂದ್ಕಂಡ್ರಿ? ನಿಮ್ಮನೆ ಮಾನಕ್ಕೇ. ಮಂಜಿಗೆ ಯಾರು ಏನು ಮಾಡಕಾಯ್ತದೆ? ಬುಟ್ಬುಡಿ."

ಉಪಕಾರ ಮಾಡಿದವನ ಮುಖವಿತ್ತು ಅವನದು. ಕಾಫಿ ಅರ್ಧ ಬಿಟ್ಟು ಬಂದೆ.

ಕೇಳುವುದಿಲ್ಲ ಎಂದು ದಾರಿಯಲ್ಲೇ ತೀರ್ಮಾನಿಸಿದೆ. ಸೋಮಮ್ಮನನ್ನು ಆ ಜನರ ನಡುವೆ ನಿಲ್ಲಿಸಲಾರೆ.

ಡಿಸೆಂಬರ್ 30, ಮಂಗಳವಾರ

ಇವತ್ತು ಮಂಜು ಎಷ್ಟಿತ್ತೆಂದರೆ ನಾನು ಟಾರ್ಚನ್ನು ನೆಲಕ್ಕೆ ಹಿಡಿದು ಮುಂದೆ ನಡೆದೆ, ನಮ್ಮ ಹುಡುಗಿ ಗಾಡಿ ತಳ್ಳಿಕೊಂಡು ಹಿಂದೆ ಬಂದಳು. ಹೋದ ವಾರ ಅವಳ ಫ್ಯಾಕ್ಟರಿಯಲ್ಲಿ ಯಾರೋ ಹಾಡು ಹೇಳಿ ನಗಿಸಿದ್ದನ್ನು ಹೇಳುತ್ತ ಬಂದಳು. ತಿರುವು ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ.

ನಾನೂ ಸೋಮಮ್ಮನೂ ವಾಪಸು ಬರುವಾಗ ಭೀಮನಬೀಡಿನ ಕಡೆಯ ಹಾಲಿನ ಬೈಕಿನವನೊಬ್ಬ ತಿರುವಿನಲ್ಲಿ ಬಿದ್ದಿದ್ದ. ನಾವು ಎತ್ತಿದ ಕಲ್ಲಲ್ಲ. ಯಾರೋ ನಿನ್ನೆ ಸಂಜೆ ಆಚೆ ಬದಿಗೆ ಹೊಸದಾಗಿ ಇಟ್ಟಿದ್ದು. ಕತ್ತಲಲ್ಲಿ ನಮ್ಮ ಕೈಗೆ ಸಿಕ್ಕಿರಲಿಲ್ಲ. ಹುಡುಗನಿಗೆ ಮಂಡಿ ತರಚಿತ್ತು, ಅಷ್ಟೇ. ಹಾಲೆಲ್ಲ ರಸ್ತೆಯ ಮೇಲೆ ಹರಿದಿತ್ತು. ಮಂಜಿನಲ್ಲಿ ಎಲ್ಲಿ ಹಾಲು ಮುಗಿದು ಎಲ್ಲಿ ಮಂಜು ಶುರುವಾಯಿತೋ ಕಾಣುತ್ತಿರಲಿಲ್ಲ. "ಮಂಜು ಕಣಜ್ಜ, ಏನೂ ಕಾಣ್ನಿಲ್ಲ" ಎಂದ ಹುಡುಗ. ಅವನೂ ಅದನ್ನೇ ಹೇಳಿದ.

ಸೋಮಮ್ಮ ಅವನನ್ನು ಎಬ್ಬಿಸಿ ಕೂರಿಸಿದಳು. ಮನೆಗೆ ಬಂದ ಮೇಲೆ ಒಲೆಯ ಮುಂದೆ ಕೂತು ಹೇಳಿದಳು:

"ಶಾಂತರಾಜು ಅಂದದ್ದು ನಂಗೆ ಗೊತ್ತು. ಅವ್ನೆಂಡ್ತಿ ಏಳುದ್ಲು. ನೀವು ಸಭೇಲಿ ಕೇಳಿ."

"ನಿನ್ನ ಹೆಸರು ಬರುತ್ತದೆ ಸೋಮಿ."

"ಬರ್ಲಿ. ಯಾರೋ ಎತ್ತಾಡೋಕಿಂತ ಮುಂಚೆ ನಾನೇ ಏಳ್ತೀನಿ. ಎಷ್ಟು ದಿನ ಅಂತ ಕತ್ಲಲ್ಲಿ ಕಲ್ಲು ತಡಕನ? ನಾಳೆ ಇನ್ನೊಬ್ಬಳ ಮಗಳು ಬಿದ್ರೆ ಅದ್ಕೂ ಮಂಜು ಅಂತಾರೆ."

ಜನವರಿ 8, ಗುರುವಾರ

ಶಾಲೆಯ ಮೈದಾನದಲ್ಲಿ ಗ್ರಾಮಸಭೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕೈಗೆ ಸಿಕ್ಕಿದರೆ ಬಿಡದ ಮೈಕು. ಭವ್ಯ ರಜೆ ಹಾಕಿ ಬಂದಿದ್ದಳು, ಅತ್ತೆಯ ಪಕ್ಕದಲ್ಲಿ ಕೂತಿದ್ದಳು.

ಮನೆ, ನೀರು, ಚರಂಡಿ ಎಲ್ಲ ಮುಗಿದ ಮೇಲೆ ಸೋಮಮ್ಮ ಎದ್ದಳು. ಮೈಕು ಬೇಡವೆಂದಳು. ಹಿಂದಿನ ಸಾಲಿನ ತನಕ ಕೇಳಿಸುವಂತೆ ಅವಳು ಮಾತಾಡಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿಲ್ಲ.

"ನನ್ನ ಮಗಳು ಬಡ್ಕಂಡು ಸತ್ತ ಕಲ್ಲು ನಾನು ಇಟ್ಟದ್ದು. ನಾನೇ ಬುಟ್ಬಂದದ್ದು. ಒಳ್ಳೇದ್ಕೆ ಅಂತ್ಲೇ ಬುಟ್ಟೆ. ನಿಮಗೆಲ್ಲ ಗೊತ್ತಿತ್ತು, ನನ್ನ ಮುಖ ನೋಡಿ ಸುಮ್ಗಿದ್ರಿ. ಇನ್ನು ಸುಮ್ಗಿರಬ್ಯಾಡಿ." ಕೂತುಬಿಟ್ಟಳು. ಭವ್ಯ ಅವಳ ಕೈ ಹಿಡಿದಿದ್ದಳು.

ಆಮೇಲೆ ಶಿವಮಲ್ಲು ಎದ್ದ. "ನಾನೂ ಬುಟ್ಟಿವ್ನಿ. ಓದ್ವಾರವೂ ಬುಟ್ಟಿವ್ನಿ" ಎಂದ. ಅವನ ಹಿಂದೆ ಇನ್ನೊಬ್ಬಳು ಎದ್ದಳು, ಮತ್ತೊಬ್ಬ. ಶಾಂತರಾಜು ಮೈಕು ತೆಗೆದುಕೊಂಡು, ಇದು ಅಜೆಂಡಾದಲ್ಲಿ ಇಲ್ಲ, ಮಂಜಿನ ಸೀಸನ್ನು, ಎಲ್ಲರೂ ಜಾಗ್ರತೆ ವಹಿಸಬೇಕು ಎಂದ.

ನಾನು ಎದ್ದೆ. ವೇದಿಕೆಯ ಮೇಲಿದ್ದ ಅಧಿಕಾರಿ ನನ್ನನ್ನು ಬಲ್ಲವರು. "ಗುರುಮಲ್ಲಯ್ಯನವರೇ, ಬರೆದು ಕೊಡಿ, ಪರಿಶೀಲಿಸೋಣ" ಎಂದರು.

ಬರೆದು ಕೊಡುವುದಿಲ್ಲ ಎಂದೆ. ಬಾಯಲ್ಲಿ ಕೇಳುತ್ತೇನೆ, ಇದೇ ಜನರ ಮುಂದೆ ಬಾಯಲ್ಲೇ ಉತ್ತರ ಬೇಕು. ಕೇಳಿದ್ದು ಇಷ್ಟು:

ಮಾದಪ್ಪನ ಗುಡಿಯ ಹಿಂದಿನ ಊರ ಕಣಕ್ಕೆ ಬೇಲಿ ಹಾಕಲು ಕೈ ಎತ್ತಿದವರು ಯಾರು? ಯಾವ ದಿನ, ಯಾವ ಸಭೆಯಲ್ಲಿ, ಯಾರನ್ನು ಕೇಳಿ? ಕಣ ಹೋದ ಮೇಲೆ ಈ ಊರು ಎಲ್ಲಿ ಒಕ್ಕಬೇಕೆಂದು ಆ ಸಭೆಯಲ್ಲಿ ಒಬ್ಬರಾದರೂ ಕೇಳಿದಿರಾ? ಬೀಗ ಹಾಕಿದ ಆ ಮಳಿಗೆಯನ್ನು ತೆಗೆದು ಕಣವನ್ನು ಊರಿಗೆ ಯಾವಾಗ ಬಿಟ್ಟುಕೊಡುತ್ತೀರಿ? ನನ್ನ ಹೆಂಡತಿ ತನ್ನ ಹೆಸರು ಹೇಳಿ ಕೂತಿದ್ದಾಳೆ. ಈಗ ನೀವು ಎದ್ದು ನಿಲ್ಲಿ. ಮಂಜು ಎನ್ನಬೇಡಿ. ಹೆಸರು ಹೇಳಿ.